ಬೀಗಿತ್ತಿಯ ಊರಿನಲ್ಲಿ ಅಪ್ಪನ ಬಿಳಿ ಪಂಚೆ

ಬೆಟ್ಟಂಪಾಡಿ

ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿ ನೋಡಿದ ಹುಡುಗಿ, ಪಾಪ, ಒಂದೊಂದನ್ನೇ ಎತ್ತಿ ಮೇಜಿನ ಮೇಲಿಟ್ಟಳು. ತೆಂಗಿನೆಣ್ಣೆ, ಒಣಶುಂಠಿ, ಓಮ, ಮೆಂತೆ, ಬೆಲ್ಲ, ಒಂದು ಡಬ್ಬಿ ಬಾಣಂತಿ ಲೇಹ್ಯ, ಎಲ್ಲದರ ಅಡಿಯಲ್ಲಿ ಮಡಚಿಟ್ಟ ಒಂದು ಹಳೆಯ ಬಿಳಿ ಪಂಚೆ.

“ಇದೆಲ್ಲ ಎಲ್ಲಿಗೆ ಅಮ್ಮ?”

“ಚೀನಾಕ್ಕೆ. ಮಗಳ ಬಾಣಂತನಕ್ಕೆ.”

ಅವಳು ನಕ್ಕಳು. ಆಮೇಲೆ ಎಲ್ಲವನ್ನೂ ನಾನು ಜೋಡಿಸಿದ್ದಕ್ಕಿಂತ ಚಂದ ಮಾಡಿ ಜೋಡಿಸಿ ಕೊಟ್ಟಳು.

ಮಗಳು ಚೈತ್ರ ಚೆಂಗ್ದು ಎಂಬ ಊರಿನಲ್ಲಿ ಯೋಗ ಕಲಿಸುತ್ತಾಳೆ. ಅಲ್ಲಿಯ ಹುಡುಗ ಲಿಯಾಂಗ್ ಅವಳ ಗಂಡ. ಮದುವೆಗೆ ಅವನೊಬ್ಬನೇ ಬಂದಿದ್ದ. ಅವನ ಅಮ್ಮನಿಗೆ ಆಗ ಮಂಡಿ ನೋವು, ಪ್ರಯಾಣ ಆಗುವ ಹಾಗಿರಲಿಲ್ಲ. ಹಾಗಾಗಿ ನನ್ನ ಬೀಗಿತ್ತಿಯನ್ನು ನಾನು ಕಂಡದ್ದು ಫೋನಿನಲ್ಲಿ ಮಾತ್ರ. ಅವರು ಅಲ್ಲಿಂದ ಕೈ ಬೀಸುವುದು, ನಾನು ಇಲ್ಲಿಂದ ಕೈ ಬೀಸುವುದು, ಇಬ್ಬರೂ ನಗುವುದು, ಮುಗಿಯಿತು.

“ಅಲ್ಲಿ ಎಂತ ಭಾಷೆ ಮಾತಾಡುದು ನೀವು ಅಕ್ಕ?” ಎಂದು ಕುಂಬ್ರದ ಅಂಗಡಿಯವನು ಓಮ ಕಟ್ಟಿಕೊಡುತ್ತಾ ಕೇಳಿದ್ದ.

“ಬಾಯಿ ಉಂಟಲ್ಲ ಮಾರಾಯ” ಎಂದಿದ್ದೆ.

ಆ ಧೈರ್ಯ ಸುಮ್ಮನೆ ಬಂದದ್ದಲ್ಲ. ನಾನು ಹುಟ್ಟಿದ್ದು ಬೆಟ್ಟಂಪಾಡಿಯಲ್ಲಿ, ತುಳು ಮಾತಾಡುವ ಮನೆಯಲ್ಲಿ. ಮದುವೆಯಾಗಿ ಹೋದದ್ದು ಪಂಜಕ್ಕೆ, ಅರೆಭಾಷೆ ಮಾತಾಡುವ ಮನೆಗೆ. ಅತ್ತೆ ನನಗೆ ಅರೆಭಾಷೆ ಕಲಿಸಿದ್ದು ಒಲೆಯ ಮುಂದೆ. ಪಾತ್ರೆ ತೋರಿಸಿ ಹೆಸರು ಹೇಳುವುದು, ನಾನು ತಪ್ಪಿದರೆ ಹೊಟ್ಟೆ ಹಿಡಿದು ನಗುವುದು, ನಕ್ಕು ಮುಗಿದ ಮೇಲೆ ಮತ್ತೊಮ್ಮೆ ಹೇಳುವುದು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಾನು ಥೇಟ್ ಅತ್ತೆಯ ಹಾಗೆ ಮಾತಾಡುತ್ತಿದ್ದೆ. ಎಷ್ಟೆಂದರೆ, ಅಡುಗೆಮನೆಯಿಂದ ಬಂದ ನನ್ನ ಸ್ವರಕ್ಕೆ ಗಂಡ ಅಂಗಳದಿಂದ “ಅಮ್ಮಾ” ಎಂದು ಓಗೊಟ್ಟದ್ದೂ ಉಂಟು.

ಹೊರಡುವ ಮೊದಲು ತವರಿಗೆ ಹೋದೆ. ಅಪ್ಪನಿಗೆ ತೊಂಬತ್ತು ದಾಟಿದೆ. ಕಣ್ಣು, ಕಿವಿ, ಕೋಪ ಎಲ್ಲವೂ ಸರಿಯಾಗಿವೆ. ನಮ್ಮಲ್ಲಿ ಮಗುವಿಗೆ ಮೊದಲ ಎಣ್ಣೆ ಸ್ನಾನ ಮಾಡಿಸಿದ ದಿನ ಅದನ್ನು ಹೊಸ ಬಟ್ಟೆಯಲ್ಲಿ ಸುತ್ತುವುದಿಲ್ಲ. ಮನೆಯ ಹಿರಿಯರು ಉಟ್ಟು ಉಟ್ಟು ಮೆತ್ತಗಾದ ಪಂಚೆಯಲ್ಲಿ ಸುತ್ತುತ್ತೇವೆ. ಎಳೆ ಚರ್ಮಕ್ಕೆ ಅದು ಹಿತ, ಹಿರಿಯರ ಆಯುಸ್ಸು ಮಗುವಿಗೆ ಹತ್ತಲಿ ಎಂಬ ಆಸೆ ಬೇರೆ.

“ನಿನ್ನನ್ನು ಸುತ್ತಿದ್ದು ನನ್ನ ಅಪ್ಪನ ಪಂಚೆಯಲ್ಲಿ. ಚೈತ್ರನನ್ನು ಸುತ್ತಿದ್ದು ನನ್ನದರಲ್ಲಿ” ಎಂದರು ಅಪ್ಪ, ಪೆಟ್ಟಿಗೆಯಿಂದ ಪಂಚೆ ತೆಗೆಯುತ್ತಾ. “ಇದನ್ನು ಅವಳ ಮಗುವಿಗೆ ಹಾಕು. ನನಗಂತೂ ಅಲ್ಲಿಗೆ ಬರ್ಲಿಕ್ಕೆ ಆಗುದಿಲ್ಲ. ಇದಾದ್ರೂ ಹೋಗ್ಲಿ.”

ಚೆಂಗ್ದು

ಆಕಾಶ ಬೂದಿ ಬಣ್ಣ, ಚಳಿ, ರಸ್ತೆಯಲ್ಲಿ ಒಂದು ಹಾರ್ನ್ ಇಲ್ಲ. ಇಷ್ಟು ದೊಡ್ಡ ಊರು ಇಷ್ಟು ಮೆಲ್ಲನೆ ಉಸಿರಾಡುವುದು ಹೇಗೆ ಎಂದು ನಾನು ಕಾರಿನ ಕಿಟಕಿಗೆ ಮುಖ ಹಚ್ಚಿ ಕುಳಿತಿದ್ದೆ. ಎತ್ತರದ ಕಟ್ಟಡಗಳ ಬಾಲ್ಕನಿಗಳಲ್ಲಿ ಒಗೆದ ಅಂಗಿಗಳ ಪಕ್ಕದಲ್ಲೇ ಹೊಗೆ ಹಿಡಿಸಿದ ಮಾಂಸದ ಸರಗಳು ನೇತಾಡುತ್ತಿದ್ದವು. ನಮ್ಮಲ್ಲಿ ಒಣಮೀನು ಒಣಗಿಸುವವರನ್ನು ನೆರೆಮನೆಯವರು ಬೈಯುತ್ತಾರೆ. ಇಲ್ಲಿ ಯಾರಿಗೂ ಯಾರ ಮಾಂಸದ ಮೇಲೂ ತಕರಾರಿದ್ದಂತೆ ಕಾಣಲಿಲ್ಲ.

ಮಗಳ ಮನೆಯ ಬಾಗಿಲಲ್ಲಿ ಬೀಗಿತ್ತಿ ನಿಂತಿದ್ದರು. ನನಗಿಂತ ಗಿಡ್ಡ, ಕತ್ತರಿಸಿದ ಕೂದಲು, ನೇರಳೆ ಬಣ್ಣದ ದಪ್ಪ ಜಾಕೆಟ್. ನನ್ನ ಎರಡೂ ಕೈ ಹಿಡಿದುಕೊಂಡು ಏನೋ ಉದ್ದಕ್ಕೆ ಹೇಳಿದರು. ನಾನೂ ಅರೆಭಾಷೆಯಲ್ಲಿ ಉದ್ದಕ್ಕೆ ಹೇಳಿದೆ. ಇಬ್ಬರಿಗೂ ತೃಪ್ತಿಯಾಯಿತು.

ಆಮೇಲೆ ನಾನು ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಕಾಲಿಟ್ಟೆ.

ಬೀಗಿತ್ತಿ ಕೂಗಿಕೊಂಡರು. ನಾನು ಹಿಂದಕ್ಕೆ ಹಾರಿದೆ. ಅವರು ಹತ್ತಿ ತುಂಬಿದ, ಮೊಲದ ಕಿವಿಯಿರುವ ಎರಡು ಚಪ್ಪಲಿ ಹಿಡಿದು ನನ್ನ ಕಾಲ ಬಳಿ ಬಗ್ಗಿದರು. ಬೀಗಿತ್ತಿ ನನ್ನ ಕಾಲು ಮುಟ್ಟುವುದೆಂದರೆ! ನಾನು ಇನ್ನೂ ಹಿಂದೆ ಸರಿದೆ. ಅವರು ಮುಂದೆ ಬಂದರು. ಹೀಗೆ ನಾವಿಬ್ಬರೂ ಊಟದ ಮೇಜಿಗೆ ಒಂದು ಸುತ್ತು ಬಂದೆವು.

“ಹಾಕ್ಕೋ ಅಮ್ಮ!” ಎಂದು ಚೈತ್ರ ತುಂಬಿದ ಹೊಟ್ಟೆ ಹಿಡಿದು ನಗುತ್ತಾ ಹೇಳಿದಳು. “ಬರಿಗಾಲಲ್ಲಿ ನಡೆದ್ರೆ ನೆಲದ ಥಂಡಿ ಮೈಗೆ ಏರ್ತದೆ ಅಂತ ಅವರ ನಂಬಿಕೆ.”

“ಮನೆಯೊಳಗೆ ಚಪ್ಪಲಿ ಹಾಕುದಾ? ನಿನ್ನ ಅಜ್ಜಿ ಇದ್ದಿದ್ರೆ ಸೌದೆ ತೆಗೀತಿದ್ರು.”

ಹಾಕಿಕೊಂಡೆ. ಮೊಲದ ಕಿವಿ ನಡೆದಾಗಲೆಲ್ಲ ಆಡುತ್ತಿತ್ತು. ಬೀಗಿತ್ತಿ ಒಂದು ದೊಡ್ಡ ಲೋಟ ತುಂಬ ಬಿಸಿನೀರು ತಂದಿಟ್ಟರು. ಚಹಾ ಅಲ್ಲ, ಕಷಾಯ ಅಲ್ಲ, ಬರೇ ಬಿಸಿನೀರು. ಇದು ಬಿಸಿನೀರಿನ ದೇಶ ಎಂದು ಆಮೇಲೆ ಗೊತ್ತಾಯಿತು. ಆಸ್ಪತ್ರೆಯಲ್ಲಿ, ರೈಲು ನಿಲ್ದಾಣದಲ್ಲಿ, ಎಲ್ಲಿ ಹೋದರೂ ಬಿಸಿನೀರಿನ ನಲ್ಲಿ. ಪ್ರತಿಯೊಬ್ಬರ ಕೈಯಲ್ಲೂ ಒಂದು ಫ್ಲಾಸ್ಕ್. ತಣ್ಣೀರು ಕುಡಿದರೆ ಮಕ್ಕಳಿಗೆ ಬೈಯುವ ನನ್ನಂಥವಳಿಗೆ ಇದಕ್ಕಿಂತ ಮರ್ಯಾದಸ್ಥ ದೇಶ ಇನ್ನೊಂದಿರಲಾರದು ಅನ್ನಿಸಿತು.

ಬಾಣಂತಿ ಕೋಣೆ

ನಾನು ತಲುಪಿದ ವಾರದಲ್ಲೇ ಪುಳ್ಳಿ ಹುಟ್ಟಿದಳು. ಮೊಮ್ಮಗಳನ್ನು ನಾವು ಪುಳ್ಳಿ ಎನ್ನುವುದು. ಮೂಗು ನನ್ನ ಗಂಡನದ್ದು, ಕಣ್ಣು ಬೀಗಿತ್ತಿಯದ್ದು, ಅಳು ಮಾತ್ರ ಯಾರದ್ದೂ ಅಲ್ಲ, ಅವಳದೇ ಸ್ವಂತದ್ದು.

ಬಾಣಂತನ ಎಂದರೆ ಏನೆಂದು ಚೀನಾದವರಿಗೆ ನಾನು ಹೇಳಿಕೊಡಬೇಕಾದೀತು ಎಂದುಕೊಂಡಿದ್ದೆ. ಅವರಲ್ಲಿ ಅದಕ್ಕೆ ‘ತಿಂಗಳು ಕೂರುವುದು’ ಎನ್ನುತ್ತಾರಂತೆ. ಗಾಳಿ ತಾಗಬಾರದು, ಕಿವಿ ಮುಚ್ಚಬೇಕು, ಶುಂಠಿ ತಿನ್ನಬೇಕು, ಕರಿಬೆಲ್ಲದ ನೀರು ಕುಡಿಯಬೇಕು, ಓದಬಾರದು, ಅಳಬಾರದು. ಬೀಗಿತ್ತಿ ಒಂದೊಂದೇ ಹೇಳುವುದು, ಚೈತ್ರ ಕನ್ನಡದಲ್ಲಿ ನನಗೆ ಒಪ್ಪಿಸುವುದು, ನಾನು “ಸರಿ, ಸರಿ, ಅದೇ” ಎಂದು ತಲೆಯಾಡಿಸುವುದು. ಅವರು ಹಂದಿಕಾಲಿನ ಸಾರಿಗೆ ನೆಲಗಡಲೆ ಹಾಕಿ ಗಂಟೆಗಟ್ಟಲೆ ಕುದಿಸಿದರು, ಹಾಲು ಹೆಚ್ಚಲಿ ಎಂದು. ನಾನೊಂದು ಬಟ್ಟಲು ಕುಡಿದು ಇನ್ನೊಂದು ಕೇಳಿದೆ. ಅವರ ಅಡುಗೆಯಲ್ಲಿ ನಾಲಿಗೆಗೆ ಜುಮ್ಮೆನ್ನಿಸುವ ಒಂದು ಕಾಳುಂಟು. ಮಂಗಳೂರಿನ ಕೊಂಕಣಿಗರು ಮೀನಿಗೆ ಹಾಕುವ ತೆಪ್ಪಳದ ಸೋದರನೇ ಅದು. ಬಾಣಂತಿಗೆ ಅದು ವರ್ಜ್ಯ, ನನಗಲ್ಲವಲ್ಲ.

ತಕರಾರು ಬಂದದ್ದು ಸ್ನಾನದಲ್ಲಿ. ಅವರಲ್ಲಿ ತಿಂಗಳು ತುಂಬುವ ತನಕ ಬಾಣಂತಿ ಮೀಯುವ ಹಾಗಿಲ್ಲ. ನಮ್ಮಲ್ಲಿ ದಿನಾ ಎಣ್ಣೆ ತಿಕ್ಕಿ, ಹಂಡೆಗಟ್ಟಲೆ ಬಿಸಿನೀರು ಹೊಯ್ಯದಿದ್ದರೆ ಅದು ಬಾಣಂತನವೇ ಅಲ್ಲ.

“ಅಮ್ಮ ಹೇಳ್ತಾರೆ, ಸ್ನಾನ ಮಾಡದಿದ್ರೆ ಸೊಂಟ ಹಿಡೀತದೆ” ಎಂದು ಚೈತ್ರ ಚೀನೀ ಭಾಷೆಯಲ್ಲಿ ಅತ್ತೆಗೆ. “ಅತ್ತೆ ಹೇಳ್ತಾರೆ, ಸ್ನಾನ ಮಾಡಿದ್ರೆ ಸೊಂಟ ಹಿಡೀತದೆ” ಎಂದು ಕನ್ನಡದಲ್ಲಿ ನನಗೆ. ಕೊನೆಗೆ ಸುಸ್ತಾಗಿ, “ಸೊಂಟ ನನ್ನದು ಮಾರಾಯ್ತಿ, ನನ್ನ ಹತ್ರ ಯಾರೂ ಕೇಳುದಿಲ್ವಲ್ಲ!” ಎಂದಳು.

ಮರುದಿನ ಬೀಗಿತ್ತಿ ಒಣಗಿದ ಸೊಪ್ಪಿನ ಒಂದು ಕಟ್ಟು ತಂದು ದೊಡ್ಡ ಪಾತ್ರೆಯಲ್ಲಿ ಕುದಿಸಿದರು. ಮೂಸಿ ನೋಡಿದೆ: ನಮ್ಮ ಮಾಚಿಪತ್ರೆಯದೇ ವಾಸನೆ. ಆ ನೀರಿನಲ್ಲಾದರೆ ಮೈ ಒರೆಸಬಹುದು, ತಲೆಗೆ ಮಾತ್ರ ಬೇಡ ಎಂದರು ಕೈಸನ್ನೆಯಲ್ಲಿ. ನಾನು ಎಣ್ಣೆ ಹಚ್ಚಿದೆ, ಅವರು ಸೊಪ್ಪಿನ ನೀರು ಎರೆದರು. ಹೀಗೆ ಒಂದು ಒಪ್ಪಂದವಾಯಿತು.

ಲಿಫ್ಟ್ ಇಳಿದಲ್ಲಿ

ಬಾಣಂತಿ ಮಲಗಿದ ಹೊತ್ತಿನಲ್ಲಿ ನಾನು ಕೆಳಗಿಳಿಯುತ್ತಿದ್ದೆ. ಕಟ್ಟಡದ ನಡುವಿನ ತೋಟದಲ್ಲಿ, ಬಿದಿರಿನ ಕುರ್ಚಿಗಳಲ್ಲಿ, ಅಲ್ಲಿಯ ಅಜ್ಜಿಯರು ಕೂತು ಅವರೆಯಂಥ ಕಾಳು ಬಿಡಿಸುತ್ತಿದ್ದರು. ನಾನು ಸ್ವಲ್ಪ ಹೊತ್ತು ನಿಂತು ನೋಡಿದೆ. ಕಾಳು ಬಿಡಿಸುವುದನ್ನು ಸುಮ್ಮನೆ ನೋಡಿಕೊಂಡು ನಿಲ್ಲುವುದು ನನ್ನ ಕೈಗೆ ಗೊತ್ತಿಲ್ಲ. ಕೂತೆ. ಒಬ್ಬರು ಬುಟ್ಟಿಯನ್ನು ನನ್ನ ಕಡೆ ದೂಡಿದರು. ಅವರೇ ಝೋ ಅಜ್ಜಿ, ಆ ಕೂಟದ ಯಜಮಾನಿ, ಬಾಯಲ್ಲಿ ಹಲ್ಲು ಕಡಿಮೆ, ಮಾತು ಹೆಚ್ಚು.

ಅತ್ತೆಯ ಕ್ರಮವೇ ಇಲ್ಲಿಯೂ ಶುರುವಾಯಿತು. ಕಾಳು ತೋರಿಸಿ ಹೆಸರು ಹೇಳುವುದು. ನಾನು ತಪ್ಪಿದರೆ ಎಲ್ಲರೂ ನಗುವುದು. ಮತ್ತೆ ಹೇಳುವುದು.

ಚೀನೀ ಭಾಷೆಯಲ್ಲಿ ಒಂದೇ ಮಾತನ್ನು ನಾಲ್ಕು ರಾಗದಲ್ಲಿ ಹೇಳಿದರೆ ನಾಲ್ಕು ಅರ್ಥ ಎಂದು ಚೈತ್ರ ಮೊದಲೇ ಹೆದರಿಸಿದ್ದಳು. ನನಗೆ ಅದೇನು ದೊಡ್ಡದು ಅನ್ನಿಸಲಿಲ್ಲ. ನಮ್ಮ ಅತ್ತೆಯ “ಹ್ಞಾಂ” ಒಂದರಲ್ಲೇ ಒಪ್ಪಿಗೆ, ಸಂಶಯ, ಸಿಟ್ಟು, ‘ಇನ್ನು ಸಾಕು ಮಾಡು’ ಎಲ್ಲ ಇರುತ್ತಿತ್ತು. ರಾಗ ತಿಳಿಯದ ಸೊಸೆಗೆ ಆ ಮನೆಯಲ್ಲಿ ಬಾಳುವೆ ಇರಲಿಲ್ಲ. ಇನ್ನೊಂದು ಸಮಾಧಾನ: ನಮ್ಮ ‘ಉಂಟು’ ಅವರಲ್ಲಿ ‘ಯೋ’. ಹಣ ಉಂಟು, ಮಕ್ಕಳುಂಟು, ಹೊತ್ತುಂಟು, ಎಲ್ಲದಕ್ಕೂ ಅದೊಂದೇ ಸಾಕು. ತುಳುವಿನ ‘ಉಂಡು’, ಅರೆಭಾಷೆಯ ‘ಉಟ್ಟು’ ಕಲಿತವಳಿಗೆ ಮೂರನೆಯದು ಭಾರವೇ? ಎದುರು ಸಿಕ್ಕವರನ್ನು ಅವರು ಕೇಳುವುದೂ “ಊಟ ಆಯ್ತಾ?” ಎಂದೇ. ಉತ್ತರ ಏನಾದರೂ ಇರಲಿ, ಯಾರೂ ಊಟ ಹಾಕುವುದಿಲ್ಲ. ನಮ್ಮ ಹಾಗೆಯೇ.

ಸಂಜೆಯಾದರೆ ಅದೇ ಅಜ್ಜಿಯರು ಚೌಕದಲ್ಲಿ ಸಾಲಾಗಿ ನಿಂತು, ಹಾಡು ಹಾಕಿಕೊಂಡು ಕುಣಿಯುತ್ತಾರೆ. ಯಾರೂ ನೋಡಿ ನಗುವುದಿಲ್ಲ. ನಮ್ಮಲ್ಲಿ ಅರುವತ್ತು ದಾಟಿದವಳು ರಸ್ತೆ ಬದಿ ಕುಣಿದರೆ ‘ಮೈಮೇಲೆ ಬಂತಾ’ ಎಂದು ಕೇಳುತ್ತಾರೆ. ನಾನೂ ಹಿಂದಿನ ಸಾಲಿನಲ್ಲಿ ಸೀರೆ ಸೆರಗು ಸಿಕ್ಕಿಸಿಕೊಂಡು ಕೈ ಎತ್ತಿದೆ. ಪಂಜದವರಿಗೆ ಯಾರೂ ಹೇಳಬೇಡಿ.

ಒಂದು ದಿನ ಊಟಕ್ಕೆ ಕೂತಾಗ ಅಳಿಯನಿಗೆ ಚೀನೀ ಭಾಷೆಯಲ್ಲಿ “ಇದು ಎಂತ?” ಎಂದು ಕೇಳಿದೆ. ಲಿಯಾಂಗ್ ತಿನ್ನುತ್ತಿದ್ದ ಅನ್ನ ನೆತ್ತಿಗೇರಿಸಿಕೊಂಡ.

“ಅಮ್ಮ, ಇದನ್ನು ಯಾರು ಕಲಿಸಿದ್ದು?” ಎಂದು ಚೈತ್ರ ಕಣ್ಣೊರೆಸಿಕೊಂಡಳು. “ಇದು ಪುಸ್ತಕದ ಚೀನೀ ಅಲ್ಲ, ಚೆಂಗ್ದುವಿನ ಹಳೇ ಅಜ್ಜಿಯಂದಿರ ಮಾತು. ಅವನ ಅಜ್ಜಿ ಎದ್ದು ಬಂದ ಹಾಗಾಯ್ತಂತೆ ಅವನಿಗೆ.”

ಚೈತ್ರ ತಾನು ಕಲಿತ ಕಥೆಯನ್ನೂ ಅಂದೇ ಹೇಳಿದಳು. ಬಂದ ಹೊಸತರಲ್ಲಿ ಅವಳಿಗೆ ಬರುತ್ತಿದ್ದದ್ದು ಯೋಗದ ಮಾತು ಮಾತ್ರ. ಮಂಡಿ ಮಡಚಿ, ಭುಜ ಸಡಿಲ ಬಿಡಿ, ಉಸಿರು ಎಳೆದುಕೊಳ್ಳಿ. ಅಂಗಡಿಗೆ ಹೋದರೆ ಉಪ್ಪು ಕೇಳಲು ಬರುತ್ತಿರಲಿಲ್ಲ. “ಇಡೀ ಬೆನ್ನುಮೂಳೆಯ ವಿಷಯ ಮಾತಾಡ್ಲಿಕ್ಕೆ ಗೊತ್ತಿತ್ತು ಅಮ್ಮ, ಹಸಿವಾಗ್ತದೆ ಅಂತ ಹೇಳ್ಲಿಕ್ಕೆ ಗೊತ್ತಿರ್ಲಿಲ್ಲ.” ಉಪ್ಪು, ಸೊಪ್ಪು, ಬಸ್ಸು, ಜ್ವರ ಎಲ್ಲದರ ಮಾತನ್ನು ಅವಳಿಗೆ ಒಂದೊಂದಾಗಿ ಕಲಿಸಿದ್ದು ಅವಳ ಅತ್ತೆಯಂತೆ. ನಾನು ಬೀಗಿತ್ತಿಯನ್ನು ಆ ದಿನ ಬೇರೆ ಕಣ್ಣಿನಿಂದ ನೋಡಿದೆ.

ಎಣ್ಣೆ ಸ್ನಾನದ ದಿನ

ಹೊಕ್ಕುಳ ಬಳ್ಳಿ ಬಿದ್ದು ಒಣಗಿದ ಮೇಲೆ ಪುಳ್ಳಿಗೆ ಮೊದಲ ಎಣ್ಣೆ ಸ್ನಾನ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಬೆಚ್ಚಗಿನ ಎಣ್ಣೆ ಹಚ್ಚಿ ನೀವಿದೆ. ಬೀಗಿತ್ತಿ ಪಕ್ಕದಲ್ಲೇ ಉಸಿರು ಬಿಗಿಹಿಡಿದು ಕೂತಿದ್ದರು. ಮಗು ಅಳದೆ ಆಕಳಿಸಿದಾಗ, ಹೆಬ್ಬೆರಳೆತ್ತಿ ತೋರಿಸಿದರು. ನನಗೆ ಹೆಮ್ಮೆಯೋ ಹೆಮ್ಮೆ. ಸ್ನಾನ ಮುಗಿಸಿ, ಒರೆಸಿ, ಅಪ್ಪನ ಪಂಚೆ ಬಿಡಿಸಿ, ಮಗುವನ್ನು ತಲೆಯಿಂದ ಕಾಲಿನವರೆಗೆ ಸುತ್ತಿ, ಬೀಗಿತ್ತಿಯ ಕಡೆ ಚಾಚಿದೆ.

ಅವರ ಮುಖದಿಂದ ರಕ್ತ ಇಳಿದುಹೋಯಿತು. ಮಗುವನ್ನು ಕಸಿದುಕೊಂಡ ಹಾಗೆ ತೆಗೆದುಕೊಂಡು, ಪಂಚೆ ಬಿಚ್ಚಿ ನೆಲಕ್ಕೆ ಬಿಟ್ಟು, ತಮ್ಮ ಕೆಂಪು ಹೊದಿಕೆಯಲ್ಲಿ ಸುತ್ತಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಎಣ್ಣೆ ಕೈಯಲ್ಲಿ ಹಾಗೆಯೇ ಕೂತಿದ್ದೆ. ಅಪ್ಪನ ಪಂಚೆ ನೆಲದ ಮೇಲೆ.

“ಬಿಳಿ ಇಲ್ಲಿ ಸಾವಿನ ಬಟ್ಟೆ ಅಮ್ಮ” ಎಂದಳು ಚೈತ್ರ, ಹಾಸಿಗೆಯಿಂದಲೇ. “ಸತ್ತ ಮನೆಯವರು ಉಡುದು. ಲಿಯಾಂಗನ ಅಪ್ಪ ಹೋದಾಗ ಅತ್ತೆ ಉಟ್ಟದ್ದು ಅದೇ ಬಿಳಿ. ನಾನು ಮೊದ್ಲೇ ಹೇಳ್ಬೇಕಿತ್ತು, ನನಗೆ ನೆನಪೇ ಆಗ್ಲಿಲ್ಲ.”

“ಅಯ್ಯೋ, ಅದು ಅಜ್ಜನ ಪಂಚೆ, ಆಯುಸ್ಸಿಗೆ ಅಂತ ಅವರಿಗೆ ಹೇಳು.”

“ಹೇಳ್ತೇನೆ. ಆದ್ರೆ ಎಷ್ಟೂಂತ ಹೇಳುದು? ಅವರದ್ದು ನಿನಗೆ, ನಿನ್ನದು ಅವರಿಗೆ, ಹಾಲು ಕುಡಿಸುವಾಗ್ಲೂ ಅದೇ ಕೆಲಸ. ನನಗೆ ಮಂಡೆಬೆಚ್ಚ ಆಗ್ತದೆ.” ಅವಳು ಅತ್ತುಬಿಟ್ಟಳು. ಬಾಣಂತಿ ಅಳಬಾರದು ಎಂಬ ಒಂದು ವಿಷಯದಲ್ಲಿ ಎರಡೂ ದೇಶಕ್ಕೆ ತಕರಾರಿರಲಿಲ್ಲ. ನಾವಿಬ್ಬರು ಅಜ್ಜಿಯರು ಸೇರಿ ಅವಳನ್ನು ಅಳಿಸಿದ್ದೆವು.

ಆಮೇಲೆ ಬೀಗಿತ್ತಿ ಜಗಳವಾಡಲಿಲ್ಲ. ಮೊದಲಿಗಿಂತ ಹೆಚ್ಚು ಉಪಚಾರ ಮಾಡಿದರು. ಅದೇ ಕಷ್ಟವಾದದ್ದು. ನನ್ನ ಬಟ್ಟಲಿಗೆ ಮೀನಿನ ಒಳ್ಳೆಯ ತುಂಡು, ಚಳಿಗೆ ಇನ್ನೊಂದು ಹೊದಿಕೆ. ಮಗು ಮಾತ್ರ ಅವರ ಕೈಯಿಂದ ತಾಯಿಯ ಕೈಗೆ, ತಾಯಿಯ ಕೈಯಿಂದ ಅವರ ಕೈಗೆ. ನಾನು ಕೈ ಚಾಚಿದರೆ, “ನಿಮಗೆ ಸುಸ್ತು, ಕೂತುಕೊಳ್ಳಿ” ಎಂಬ ಸನ್ನೆ. ತಿಂಗಳು ತುಂಬಿದ ದಿನ ಅಲ್ಲಿ ನಂಟರಿಷ್ಟರಿಗೆ ಊಟ. ಅದರ ಬೆನ್ನಿಗೇ ನನ್ನ ವಾಪಸು ಪ್ರಯಾಣ. ಇಷ್ಟು ದೂರ ಬಂದವಳು ಪುಳ್ಳಿಯನ್ನು ಮಡಿಲಿಗೆ ಹಾಕಿಕೊಳ್ಳದೆ ಹೋಗುವುದೇ?

ಬಾಗಿಲಿಂದ ಬಾಗಿಲಿಗೆ

ಪಂಚೆಯನ್ನು ಸೆರಗಿನಡಿ ಮುಚ್ಚಿಕೊಂಡು ಝೋ ಅಜ್ಜಿಯ ಹತ್ತಿರ ಹೋದೆ. ನನ್ನ ಚೀನೀ ಭಾಷೆಯನ್ನೆಲ್ಲ ಗುಡಿಸಿ ತಂದು ಹೇಳಿದೆ: “ನನ್ನ ಅಪ್ಪ. ತೊಂಬತ್ತು. ಅವರ ಬಟ್ಟೆ. ಮಗುವಿಗೆ. ಬೀಗಿತ್ತಿ ಬೇಡ.” ಬೀಗಿತ್ತಿಗೆ ಅವರಲ್ಲೂ ಒಂದು ಮಾತುಂಟು, ‘ಚಿಂಗ್‌ಜ್ಯಾ’ ಎಂದು. ಇಂಗ್ಲಿಷಿನಲ್ಲಿ ಇಲ್ಲದ ಆ ನೆಂಟಸ್ತಿಕೆ ನಮ್ಮಿಬ್ಬರ ಭಾಷೆಯಲ್ಲೂ ಇತ್ತು, ಸದ್ಯ.

ಝೋ ಅಜ್ಜಿ ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡಿದರು. ತೊಂಬತ್ತೇ ಎಂದು ಇನ್ನೊಮ್ಮೆ ಕೇಳಿದರು. ಹೌದೆಂದೆ. ಪಕ್ಕದವರ ಹತ್ತಿರ ಏನೋ ಮಾತಾಡಿಕೊಂಡರು. ಆಮೇಲೆ ತನ್ನ ತೋಳಿನ ಬಟ್ಟೆ ಚಿವುಟಿದರು, ಪಕ್ಕದ ಅಜ್ಜಿಯ ತೋಳಿನದ್ದನ್ನು ಚಿವುಟಿದರು, ಅವಳ ಆಚೆಯವಳದ್ದನ್ನೂ. ಚಿವುಟಿದ್ದನ್ನೆಲ್ಲ ಗಾಳಿಯಲ್ಲಿ ಹೊಲಿದು, ತೋಳಲ್ಲಿ ಇಲ್ಲದ ಮಗುವಿಗೆ ತೊಡಿಸಿ ತೂಗಿದರು. ನೂರು ಮನೆಯ ಬಟ್ಟೆಯ ಅಂಗಿ! ಹಿಂದೆ ಅವರಲ್ಲಿ ಮಗು ಗಟ್ಟಿಯಾಗಿ ಬಾಳಲಿ ಎಂದು ಮನೆ ಮನೆಯಿಂದ ತುಂಡು ಬಟ್ಟೆ ಬೇಡಿ ತಂದು ಅಂಗಿ ಹೊಲಿಯುತ್ತಿದ್ದರಂತೆ. ಈಗ ಯಾರು ಹೊಲಿಯುತ್ತಾರೆ, ಎಲ್ಲ ಅಂಗಡಿಯಿಂದ, ಎಂದು ಮುಖ ಸಿಂಡರಿಸಿದರು. ಅದು ನನಗೆ ಚೆನ್ನಾಗಿ ಅರ್ಥವಾಯಿತು. ಎಲ್ಲ ಊರಿನ ಅಜ್ಜಿಯರೂ ಹಾಗೆಯೇ ಮುಖ ಸಿಂಡರಿಸುವುದು.

“ಬೇಡಬೇಕು. ಮನೆಯವರೇ ಬೇಡಬೇಕು. ಸುಮ್ಮನೆ ಕೊಟ್ಟದ್ದಾಗುದಿಲ್ಲ” ಎಂದರು ಝೋ ಅಜ್ಜಿ. ಮಾತನ್ನೂ ಅವರೇ ಕಟ್ಟಿಕೊಟ್ಟರು. ‘ನಮ್ಮ ಪುಳ್ಳಿಗೆ ತಿಂಗಳು ತುಂಬ್ತದೆ. ಒಂದು ತುಂಡು ಬಟ್ಟೆ ಉಂಟಾ?’ ಕಾಳು ಬಿಡಿಸಿ ಮುಗಿಯುವವರೆಗೆ ನನ್ನಿಂದ ಅದನ್ನೇ ಹೇಳಿಸಿದರು. ಮೊದಲ ಬಾಗಿಲಿಗೆ ಜೊತೆಗೆ ಬಂದರು. ಎರಡನೆಯದರಲ್ಲಿ ನನ್ನ ಬೆನ್ನಿಗೊಂದು ಗುದ್ದು ಕೊಟ್ಟು ತಾವು ಲಿಫ್ಟಿನೊಳಗೆ ಹೋದರು.

ಓದುಗರೇ, ಊರಿನಲ್ಲಿ ನಾನು ದೇವಸ್ಥಾನದ ವಂತಿಗೆ ಕೇಳಲಿಕ್ಕೂ ನಾಚುವವಳು. ಇಲ್ಲಿ ಪರದೇಶದಲ್ಲಿ, ಮೊಲದ ಕಿವಿಯ ಚಪ್ಪಲಿ ಹಾಕಿಕೊಂಡು, ಗುರುತಿಲ್ಲದ ಬಾಗಿಲುಗಳ ಗಂಟೆ ಒತ್ತುತ್ತಿದ್ದೆ.

ಕಿವಿಗೆ ಹೆಡ್‌ಫೋನ್ ಹಾಕಿದ್ದ ಒಬ್ಬ ತರುಣ ನನ್ನ ಮಾತು ಕೇಳಿ ಗಾಬರಿಯಾದ. ಒಳಗೆ ಓಡಿ ತನ್ನ ಚೌಕುಳಿ ಅಂಗಿಯನ್ನೂ ಕತ್ತರಿಯನ್ನೂ ತಂದು, “ಎಲ್ಲಿ ಬೇಕೋ ಅಲ್ಲಿ ಕತ್ತರಿಸಿ” ಎಂಬಂತೆ ಹಿಡಿದ. ಬೆನ್ನಿನ ಕೆಳಗಿನಿಂದ ಚೂರು ಕತ್ತರಿಸಿದೆ, ಪ್ಯಾಂಟಿನೊಳಗೆ ಮುಚ್ಚಿಹೋಗಲಿ ಎಂದು. ಇನ್ನೊಬ್ಬರು ನಿವೃತ್ತ ಮೇಷ್ಟ್ರಂತೆ ಕಾಣುವವರು. ಕೂರಿಸಿ, ಚಕ್ಕೋತದ ತೊಳೆ ಬಿಡಿಸಿ ಕೊಟ್ಟು, ಹೆಂಡತಿಯ ಹತ್ತಿರ ಯಾವ ತುಂಡು ಕೊಡುವುದು ಎಂದು ಬಹಳ ಹೊತ್ತು ಚರ್ಚೆ ಮಾಡಿದರು. ಇದ್ದದ್ದರಲ್ಲಿ ಒಳ್ಳೆಯದನ್ನೇ ಕೊಟ್ಟರು. ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ. ಗುರುತಿಲ್ಲದವಳು, ಮುರುಕು ಮಾತು, ಆದರೂ “ಮಗುವಿಗೆ” ಎಂದ ಕೂಡಲೇ ಮುಖಗಳು ಸಡಿಲಾಗುತ್ತಿದ್ದವು. ಉತ್ತರದ ಯಾವುದೋ ಊರಿನ ಹೆಂಗಸೊಬ್ಬಳಿಗೆ ಮಾತ್ರ ನಾನು ಹೇಳಿದ್ದು ತಿಳಿಯಲಿಲ್ಲ. ಮಗನನ್ನು ಕರೆದು ಕೇಳಿಸಿದಳು. ಅವನು ನಕ್ಕು, “ಇದು ಇಲ್ಲಿಯ ಹಳ್ಳಿಯ ಮಾತಮ್ಮ” ಎಂದನಂತೆ. ಚೀನಾದವಳಿಗೇ ತಿಳಿಯದಷ್ಟು ಚೀನೀ ನಾನು ಕಲಿತುಬಿಟ್ಟಿದ್ದೆ.

ಮೇಲಿನ ಒಂದು ಮನೆಯ ಬಾಗಿಲು ತೆಗೆದದ್ದು ತಾಂಜಾನಿಯಾದ ಹುಡುಗಿ, ಇಲ್ಲಿ ಓದಲು ಬಂದವಳು. ನನಗೆ ಅವಳ ಭಾಷೆ ಬಾರದು, ಅವಳಿಗೆ ನನ್ನದು ಬಾರದು. ಒಂದೇ ಸಮುದ್ರದ ಎರಡು ದಡದವರು ನಾವು ಚೆಂಗ್ದುವಿನ ಮಾತಲ್ಲಿ ಮಾತಾಡಿದೆವು.

“ನಿಮ್ಮ ಮಾತು ಸಂತೆಯ ಅಜ್ಜಿಯ ಹಾಗುಂಟು” ಎಂದಳು ಅವಳು.

“ನಿನ್ನದು ರೇಡಿಯೋದ ಹಾಗುಂಟು” ಎಂದೆ.

ಅವಳು ತನ್ನ ಅಮ್ಮ ಕೊಟ್ಟು ಕಳಿಸಿದ ಹಳದಿ ಹೂವಿನ ಬಟ್ಟೆಯ ಅಂಚು ಹರಿದು ಕೊಟ್ಟಳು. ಕೊಡುವ ಮೊದಲು ಅದನ್ನೊಮ್ಮೆ ಮೂಗಿಗೆ ಹಿಡಿದು ಮೂಸಿದಳು. ನಾನು ಅವಳ ತಲೆ ಸವರಿ ಇಳಿದೆ.

ನಮ್ಮದೇ ಬಾಗಿಲು

ಕೊನೆಗೆ ಉಳಿದದ್ದು ನಮ್ಮದೇ ಮನೆ. ಬಾಗಿಲಿಗೆ ಬೀಗವಿರಲಿಲ್ಲ, ಆದರೂ ನಾನು ದೂಡಲಿಲ್ಲ. ಗಂಟೆ ಒತ್ತಿದೆ.

ಬೀಗಿತ್ತಿ ಬಾಗಿಲು ತೆಗೆದರು, ಹೆಗಲ ಮೇಲೆ ಮಗು. ನನ್ನನ್ನು ಕಂಡು ಅವರಿಗೆ ಅರ್ಥವಾಗಲಿಲ್ಲ. ನಾನು ಕೈಯಲ್ಲಿದ್ದ ಚೀಲವನ್ನು ತೆರೆದು ಹಿಡಿದು, ಝೋ ಅಜ್ಜಿಯ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ.

“ಚಿಂಗ್‌ಜ್ಯಾ, ನಮ್ಮ ಪುಳ್ಳಿಗೆ ತಿಂಗಳು ತುಂಬ್ತದೆ. ಒಂದು ತುಂಡು ಬಟ್ಟೆ ಉಂಟಾ?”

ಅವರು ಚೀಲದೊಳಗೆ ಕೈ ಹಾಕಿದರು. ಚೌಕುಳಿ, ನೀಲಿ, ಹಸಿರು, ಆಫ್ರಿಕಾದ ಹಳದಿ ಹೂ. ಒಂದೊಂದನ್ನೇ ತೆಗೆದು, “ಇದು ಯಾರದ್ದು? ಇದು?” ಎಂದು ಕೇಳಿದರು. ನಾನು ಮಹಡಿಯ ಸಂಖ್ಯೆ ಹೇಳಿದೆ. ಚೈತ್ರ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು. ಮಾತು ದಾಟಿಸಲು ಯಾರೂ ಅವಳನ್ನು ಕರೆಯಲಿಲ್ಲ.

ಬೀಗಿತ್ತಿ ಒಳಗೆ ಹೋಗಿ ಒಂದು ಕಡುನೀಲಿ ಬಟ್ಟೆ ತಂದರು. ತಮ್ಮ ಅಮ್ಮ ಅಡುಗೆ ಮಾಡುವಾಗ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆಯಂತೆ. ಅದರ ಮೂಲೆ ಕತ್ತರಿಸಿ ಚೀಲಕ್ಕೆ ಹಾಕಿದರು. ಆಮೇಲೆ ನನ್ನನ್ನೇ ನೋಡುತ್ತಾ ಕೇಳಿದರು:

“ನಿಮ್ಮ ಮನೆಯದ್ದು?”

ನೂರು ಮನೆಯಲ್ಲಿ ನಮ್ಮದೂ ಒಂದಲ್ಲವೇ. ನನ್ನ ಹತ್ತಿರ ಇದ್ದದ್ದು ಒಂದೇ. ಸೆರಗಿನಡಿಯಿಂದ ಪಂಚೆ ತೆಗೆದೆ.

“ನನ್ನ ಅಪ್ಪ” ಎಂದೆ. “ತೊಂಬತ್ತು. ಇನ್ನೂ ಬೈತಾರೆ.”

ಅವರು ನಗಲಿಲ್ಲ. ಬಹಳ ಹೊತ್ತು ಪಂಚೆಯನ್ನು ನೋಡಿದರು. ಆಮೇಲೆ ಒಂದು ಬೆರಳಿಂದ ಮುಟ್ಟಿದರು. ಅಂಗೈಯಿಂದ ಸವರಿದರು. ಅದರ ಒಂದು ತುದಿಯನ್ನು ಮಗುವಿನ ಕೆನ್ನೆಗೆ ತಾಗಿಸಿ ನೋಡಿದರು. ಮಗು ಅತ್ತ ಮುಖ ತಿರುಗಿಸಿ ಬಾಯಿ ತೆರೆಯಿತು, ಹಾಲೆಂದು ತಿಳಿದು. ಈಗ ಅವರು ನಕ್ಕರು. ತಮ್ಮ ಜಾಕೆಟಿನ ಅಂಚನ್ನು ತಿರುಗಿಸಿ ನನಗೆ ತೋರಿಸಿದರು: ಹೊರಗೆ ನೇರಳೆ, ಒಳಗೆ ಮೈಗೆ ತಾಗುವ ಕಡೆ ಬಿಳಿ ಹತ್ತಿಯ ಅಸ್ತರು.

“ಒಳಗೆ” ಎಂದರು. “ಒಳಗಾದರೆ ಅಡ್ಡಿಯಿಲ್ಲ.”

ಕಿಟಕಿಯ ಬೆಳಕಿಗೆ ಕುರ್ಚಿ ಎಳೆದು ಕೂತರು. ಸೂಜಿಗೆ ನೂಲು ಹಾಕಬೇಕು, ತುಂಡುಗಳನ್ನು ಜೋಡಿಸಬೇಕು. ಅದಕ್ಕೆ ಎರಡೂ ಕೈ ಬೇಕಲ್ಲ? ಅವರು ಅತ್ತಿತ್ತ ನೋಡಿ, ಹೆಗಲ ಮೇಲಿದ್ದ ಮಗುವನ್ನು ತೆಗೆದು ನನ್ನ ಮಡಿಲಿಗೆ ಹಾಕಿದರು. “ಹಿಡ್ಕೊಳ್ಳಿ” ಎಂದು ಯಾವ ಭಾಷೆಯಲ್ಲಿ ಹೇಳಿದರೋ ನೆನಪಿಲ್ಲ. ಹಿಡಿದುಕೊಂಡೆ.

ತಿಂಗಳು ತುಂಬಿದ ದಿನ ಕೆಂಪು ಬಣ್ಣದ ಮೊಟ್ಟೆ ಹಂಚಿದರು. ಝೋ ಅಜ್ಜಿಯ ಕೂಟವೇ ಮನೆಗೆ ಬಂದಿತ್ತು. ಚೌಕುಳಿ ಅಂಗಿಯ ತರುಣ ತನ್ನ ತುಂಡು ಎಲ್ಲಿ ಎಂದು ಹುಡುಕಿ, ಭುಜದ ಮೇಲೆ ಸಿಕ್ಕಿದಾಗ ಎಲ್ಲರಿಗೂ ತೋರಿಸಿದ. ಆ ಗದ್ದಲದಲ್ಲೇ ಬೆಟ್ಟಂಪಾಡಿಗೆ ಫೋನ್ ಮಾಡಿದೆ. ಅಲ್ಲಿದ್ದ ನನ್ನ ತಮ್ಮ, ಫೋನನ್ನು ಅಪ್ಪನ ಮುಖಕ್ಕೆ ಹಿಡಿದ. ಪುಳ್ಳಿಯ ಬಣ್ಣಬಣ್ಣದ ಅಂಗಿ ಅಪ್ಪನಿಗೆ ಕಂಡಿತು. ತಾನು ಕೊಟ್ಟದ್ದು ಮಾತ್ರ ಕಾಣಲಿಲ್ಲ.

“ಇದೆಂತ ಬಣ್ಣ ಮಾರಾಯ್ತಿ? ಯಕ್ಷಗಾನದವರ ಹಾಗೆ!” ಎಂದು ಅಪ್ಪ ಜೋರು ಮಾಡಿದರು. “ನನ್ನ ಪಂಚೆ ಎಲ್ಲಿ?”

ನಾನು ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ತುಳುವಿನ ಒಂದಕ್ಷರ ತಿಳಿಯದ ಬೀಗಿತ್ತಿ ನನ್ನ ಹೆಗಲ ಹಿಂದಿನಿಂದ ಕೈ ಚಾಚಿ, ಮಗುವಿನ ಅಂಗಿಯ ಅಂಚನ್ನು ಮೆಲ್ಲನೆ ಮಡಚಿ, ಒಳಗಿನ ಬಿಳಿಯನ್ನು ಫೋನಿಗೆ ತೋರಿಸಿದರು.